ಅಪ್ಪನ ಮನೆ ಮಾರಲು ಹತ್ತು ತಿಂಗಳು

2024ರ ಯುಗಾದಿ ದಿನ ಹೋಳಿಗೆ ಊಟ ಮುಗಿಸಿ, ಕೈ ಒಣಗುವ ಮೊದಲೇ ಮನೆ ಮಾರುವುದು ಎಂದು ತೀರ್ಮಾನ ಮಾಡಿದೆವು. ಅಪ್ಪ ಹೋಗಿ ಒಂದೂವರೆ ವರ್ಷ ಆಗುತ್ತಾ ಬಂದಿತ್ತು. ಮೈಸೂರಿನ ಕುವೆಂಪುನಗರದ ಮನೆಯಲ್ಲಿ ಅಮ್ಮ ಒಬ್ಬಳೇ. ನಾನು ಬೆಂಗಳೂರಿನಲ್ಲಿ, ಅಕ್ಕ ಶಿವಮೊಗ್ಗದಲ್ಲಿ, ತಮ್ಮ ಅಮೆರಿಕದ ಟೆಕ್ಸಸ್‌ನಲ್ಲಿ. ಆ ಚಳಿಗಾಲದಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಹಾಲಿನವನು ಬಂದು ಬಾಗಿಲು ತಟ್ಟುವವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ಅದಾದ ಮೇಲೆ ‘ನಾನು ಇಲ್ಲೇ ಇರ್ತೀನಿ’ ಅನ್ನುವ ಅವಳ ಹಟವೂ ಸ್ವಲ್ಪ ಸಡಿಲವಾಗಿತ್ತು. ಅಕ್ಕನ ಮನೆ ಹತ್ತಿರ ಒಂದು ಸಣ್ಣ ಫ್ಲ್ಯಾಟ್ ತಗೊಂಡು ಅಲ್ಲಿರುವುದು ಅಂತ ಆಯಿತು.

‘ಜೂನ್ ಒಳಗೆ ಮುಗಿಸಿಬಿಡೋಣ’ ಅಂತ ನಾನು ಧೈರ್ಯವಾಗಿ ಹೇಳಿದೆ. ಕೊಳ್ಳುವವರು ಸಿಕ್ಕರೆ ಆಯಿತು, ಒಂದು ದಿನ ರಜೆ ಹಾಕಿ ರಿಜಿಸ್ಟ್ರೇಷನ್ ಮಾಡಿಸಿ ಬರುವುದು, ಅಷ್ಟೇ ಅಲ್ವಾ? ರಿಜಿಸ್ಟ್ರೇಷನ್ ಆಗಿದ್ದು 2025ರ ಫೆಬ್ರವರಿ 10ಕ್ಕೆ. ಅವತ್ತು ಸಬ್ ರಿಜಿಸ್ಟ್ರಾರ್ ಮುಂದೆ ನಾವು ಕೂತಿದ್ದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಉಳಿದ ಹತ್ತು ತಿಂಗಳು ಎಲ್ಲಿ ಹೋಯಿತು ಅಂತ ಬರೆಯಲು ಕೂತಿದ್ದೇನೆ.

ಅಪ್ಪನ ಕಾಲದಿಂದ ಪರಿಚಯ ಇದ್ದ ಒಬ್ಬ ವಕೀಲರಿದ್ದಾರೆ. ಎಪ್ಪತ್ತು ದಾಟಿದ ಮನುಷ್ಯ. ಅವರ ಹತ್ತಿರ ಹೋಗಿ, ‘ಮನೆ ಮಾರಬೇಕು ಅಂಕಲ್, ಏನೇನು ಪೇಪರ್ ಬೇಕು?’ ಅಂದೆ. ಅವರು ಕನ್ನಡಕ ತೆಗೆದು ಒಂದೇ ಪ್ರಶ್ನೆ ಕೇಳಿದರು.

‘ಖಾತೆ ಯಾರ ಹೆಸರಲ್ಲಿದೆಯಮ್ಮಾ?’

‘ಅಪ್ಪನ ಹೆಸರಲ್ಲಿ.’

‘ಹಾಗಾದ್ರೆ ಮಾರೋ ಮಾತು ಈಗ ಬೇಡ. ಮೊದಲು ಮನೆ ನಿಮ್ಮದಾಗಲಿ.’

ನನಗೆ ಸ್ವಲ್ಪ ಸಿಟ್ಟೇ ಬಂತು. ನಾವು ಹುಟ್ಟಿ ಬೆಳೆದ ಮನೆ ನಮ್ಮದಲ್ಲದೆ ಇನ್ಯಾರದು? ಅವರು ಸಮಾಧಾನವಾಗಿ ವಿವರಿಸಿದರು. ಅಪ್ಪ ವಿಲ್ ಬರೆದಿರಲಿಲ್ಲ. ಮನೆ ಅವರ ಸ್ವಂತ ದುಡಿಮೆಯದು. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಗ, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಅಜ್ಜಿ ಅಂದರೆ ಅಪ್ಪನ ತಾಯಿ ಇದ್ದಿದ್ದರೆ ಅವರಿಗೂ ಒಂದು ಪಾಲು ಇರುತ್ತಿತ್ತು, ಅವರು ಮೊದಲೇ ಹೋಗಿದ್ದರು. ಹಾಗಾಗಿ ನಾಲ್ಕು ಜನ, ತಲಾ ಕಾಲು ಭಾಗ. ಕಾನೂನಿನಲ್ಲಿ ಅಪ್ಪ ಹೋದ ಕ್ಷಣದಲ್ಲೇ ಹಕ್ಕು ನಮಗೆ ಬಂದಿದೆ. ಆದರೆ ಕಾಗದದಲ್ಲಿ ಬಂದಿಲ್ಲ. ಕೊಳ್ಳುವವರು ನೋಡುವುದು ಕಾಗದವನ್ನು.

ಇಲ್ಲೊಂದು ಮಾತು. ಆಮೇಲೆ ಸಿಕ್ಕ ಬ್ರೋಕರ್ ಒಬ್ಬರು, ‘ಹೆಣ್ಣುಮಕ್ಕಳ ಸಹಿ ಎಲ್ಲಾ ಯಾಕೆ ಮೇಡಂ, ತಾಯಿ ಮಗ ಸಹಿ ಮಾಡಿದ್ರೆ ಸಾಕು’ ಅಂದರು. ಸಾಕಾಗುವುದಿಲ್ಲ. ಅಪ್ಪನ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಪಾಲು 1956ರಿಂದಲೇ ಇದೆ. 2005ರ ತಿದ್ದುಪಡಿ ಬಂದಿದ್ದು ಪಿತ್ರಾರ್ಜಿತದ ವಿಷಯಕ್ಕೆ. ಒಬ್ಬ ಮಗಳ ಸಹಿ ಬಿಟ್ಟರೂ ಕೊಳ್ಳುವವರಿಗೆ ಮುಂದೆ ಕೋರ್ಟು ತಪ್ಪಿದ್ದಲ್ಲ. ಆ ಬ್ರೋಕರ್ ಅಷ್ಟು ವರ್ಷ ಎಷ್ಟು ಮನೆ ಹೀಗೆ ಮಾರಿಸಿದ್ದಾರೋ, ಅವರಿಗೇ ಗೊತ್ತು.

ಮೊದಲ ಕೆಲಸ ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿ, ಅಪ್ಪನ ಮರಣ ಪ್ರಮಾಣಪತ್ರ, ಎಲ್ಲರ ಆಧಾರ್, ಒಂದು ಅಫಿಡವಿಟ್. ಅಕ್ಕಪಕ್ಕದವರನ್ನು ಕೇಳಿ ಮಹಜರು ಮಾಡಿದರು. ಎದುರು ಮನೆ ಆಂಟಿ ನಮ್ಮ ಮೂವರ ಹೆಸರನ್ನೂ ಹುಟ್ಟಿದ ವರ್ಷದ ಸಮೇತ ಹೇಳಿ, ತಮ್ಮನಿಗೆ ಚಿಕ್ಕವನಿದ್ದಾಗ ದಡಾರ ಆಗಿದ್ದನ್ನೂ ಸೇರಿಸಿದರಂತೆ. ಮೂರು ವಾರದಲ್ಲಿ ಕೈಗೆ ಬಂತು.

ಆಮೇಲೆ ಪೌತಿ ಖಾತೆ. ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದು. ಖಾತೆ ಅಂದರೆ ಒಡೆತನದ ಪತ್ರ ಅಲ್ಲ ಅಂತ ವಕೀಲರು ಹತ್ತು ಸಲ ಹೇಳಿದ್ದಾರೆ. ಕಂದಾಯ ಕಟ್ಟಬೇಕಾದವರು ಯಾರು ಅನ್ನುವುದಕ್ಕೆ ಪಾಲಿಕೆ ಇಟ್ಟುಕೊಳ್ಳುವ ಲೆಕ್ಕ ಅದು. ಒಡೆತನ ಇರುವುದು ನೋಂದಣಿಯಾದ ಕ್ರಯಪತ್ರದಲ್ಲಿ, ಮೂಲ ಪತ್ರದಲ್ಲಿ. ಆದರೂ ಈಗ ಇ-ಖಾತೆ, ಅಂದರೆ ಆನ್‌ಲೈನ್ ಖಾತೆ, ಇಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ಸಾಫ್ಟ್‌ವೇರ್ ಇ-ಖಾತೆಯಲ್ಲಿರುವ ಹೆಸರನ್ನೇ ಎಳೆದುಕೊಳ್ಳುತ್ತದೆ. ಅಲ್ಲಿ ಯಾರ ಹೆಸರಿದೆಯೋ ಅವರೇ ಮಾರಬೇಕು.

ಇ-ಖಾತೆಗೆ ಬೇಕಾದ ಕಂದಾಯ ರಸೀದಿ, ಇಸಿ (ಸ್ವತ್ತಿನ ಮೇಲೆ ಸಾಲ, ಅಡಮಾನ ಏನಾದರೂ ಇದೆಯಾ ಅಂತ ತೋರಿಸುವ ಋಣಭಾರ ಪತ್ರ), ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್, ಮನೆಯ ಫೋಟೋ ಎಲ್ಲಾ ಇತ್ತು. ಸಿಕ್ಕಿಬಿದ್ದಿದ್ದು ಆಧಾರ್ ಹತ್ತಿರ. ಅಮ್ಮನ ಆಧಾರ್‌ಗೆ ಒಟಿಪಿ ಹೋಗಬೇಕು. ‘ಒಟಿಪಿ ಬಂತಾಮ್ಮಾ?’ ಅಂತ ಫೋನಿನಲ್ಲಿ ಕೇಳುತ್ತಲೇ ಇದ್ದೆ. ಬರಲಿಲ್ಲ. ನಾಲ್ಕನೇ ಸಲ ಕೊನೆಯ ಅಂಕಿಗಳನ್ನು ನೋಡಿದೆ. ಅದು ಅಪ್ಪನ ನಂಬರ್! ಆಧಾರ್ ಮಾಡಿಸುವಾಗ ಅಮ್ಮನ ಹತ್ತಿರ ಮೊಬೈಲ್ ಇರಲಿಲ್ಲ. ಅಪ್ಪ ತಮ್ಮದನ್ನೇ ಕೊಟ್ಟಿದ್ದರು. ಅವರು ಹೋದ ಮೇಲೆ ಆರು ತಿಂಗಳು ರೀಚಾರ್ಜ್ ಮಾಡಿ ಇಟ್ಟುಕೊಂಡು, ಇನ್ಯಾಕೆ ಅಂತ ನಾನೇ ಬಿಟ್ಟಿದ್ದೆ. ಒಂದು ಸಲ ಸುಮ್ನೆ ಆ ನಂಬರಿಗೆ ಫೋನ್ ಮಾಡಿದೆ. ಯಾರೋ ಹುಡುಗ ಎತ್ತಿ ಹಿಂದಿಯಲ್ಲಿ ಮಾತಾಡಿದ. ಅಪ್ಪನ ನಂಬರ್ ಬೇರೆಯವರ ಕೈ ಸೇರಿತ್ತು. ನಮ್ಮ ಒಟಿಪಿಗಳೆಲ್ಲಾ ಆ ಹುಡುಗನಿಗೆ ಹೋಗಿದ್ದವು.

ಆಧಾರ್ ಕೇಂದ್ರಕ್ಕೆ ಹೋಗಿ ಅಮ್ಮನ ನಂಬರ್ ಸೇರಿಸಿ, ಅದು ಅಪ್‌ಡೇಟ್ ಆಗುವವರೆಗೆ ಕಾಯಬೇಕಾಯಿತು. ಅದರ ಜೊತೆಗೆ ಹೆಸರಿನ ಗೊಂದಲ. ಆಧಾರ್‌ನಲ್ಲಿ ಅಮ್ಮನ ಹೆಸರಿನ ಕೊನೆಗೆ ‘ಅಮ್ಮ’ ಇದೆ, ಪ್ಯಾನ್‌ನಲ್ಲಿ ಇಲ್ಲ, ಅಪ್ಪನ ಮರಣ ಪತ್ರದಲ್ಲಿ ಇನಿಷಿಯಲ್ ಮುಂದೆ ಇರುವ ಬದಲು ಹಿಂದೆ. ‘ಈ ಮೂವರೂ ಒಬ್ಬರೇ’ ಅಂತ ನೋಟರಿ ಮುಂದೆ ಅಫಿಡವಿಟ್. ಅಮ್ಮ ಅದಕ್ಕೆ ಸಹಿ ಹಾಕುತ್ತಾ, ‘ನಾನು ಒಬ್ಬಳೇ ಅಂತ ಇವರಿಗೆ ಬರೆದುಕೊಡಬೇಕಾ?’ ಅಂದಳು.

ಅಷ್ಟರಲ್ಲಿ ಆಷಾಢ ಬಂತು. ಕಚೇರಿಗೆ ಆಷಾಢ ಇಲ್ಲ, ನಿಜ. ಆದರೆ ಕೊಳ್ಳುವವರಿಗೆ ಇದೆ. ಜುಲೈ 6ರಿಂದ ಆಗಸ್ಟ್ 4ರವರೆಗೆ ಮನೆ ನೋಡಲು ಒಬ್ಬರೂ ಬರಲಿಲ್ಲ. ಶ್ರಾವಣದಲ್ಲಿ ಬಂದರು, ನೋಡಿದರು, ಚೌಕಾಸಿ ಮಾಡಿದರು. ಮಾತು ಕುದುರುವ ಹೊತ್ತಿಗೆ ಪಿತೃಪಕ್ಷ. ಸೆಪ್ಟೆಂಬರ್ 18ರಿಂದ ಹದಿನೈದು ದಿನ ಮತ್ತೆ ಮೌನ. ಮನೆ ಮಾರುವ ಕ್ಯಾಲೆಂಡರ್ ಹಾಕುವವರು ಕಾನೂನಿನ ಪುಸ್ತಕದ ಜೊತೆ ಒಂದು ಪಂಚಾಂಗವನ್ನೂ ಇಟ್ಟುಕೊಳ್ಳಬೇಕು. ತಮಾಷೆಗೆ ಹೇಳುತ್ತಿಲ್ಲ. ನಮ್ಮ ಹತ್ತು ತಿಂಗಳಲ್ಲಿ ಎರಡೂವರೆ ತಿಂಗಳು ಪಂಚಾಂಗದ ಪಾಲಾಯಿತು.

ನೋಡಲು ಬಂದವರಲ್ಲಿ ಒಬ್ಬರು ಒಳ್ಳೆಯ ರೇಟು ಹೇಳಿದರು. ನಾವು ಕೇಳಿದ್ದಕ್ಕಿಂತ ಮೂರು ಲಕ್ಷ ಜಾಸ್ತಿ. ಆದರೆ ಅರ್ಧ ವೈಟ್, ಅರ್ಧ ಬ್ಲ್ಯಾಕ್. ‘ಎಲ್ಲರೂ ಮಾಡೋದೇ ಮೇಡಂ, ನಿಮಗೂ ಟ್ಯಾಕ್ಸ್ ಉಳಿಯತ್ತೆ.’ ವಕೀಲರಿಗೆ ಹೇಳಿದೆ. ಅವರು ಬೈದಿದ್ದು ನನಗೆ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ತಗೊಂಡರೆ, ತಗೊಂಡಷ್ಟೇ ದಂಡ ಬೀಳುವ ಕಾನೂನಿದೆ. ಐವತ್ತು ಲಕ್ಷ ನಗದು ತಗೊಂಡರೆ ಐವತ್ತು ಲಕ್ಷ ದಂಡ. ಅದಕ್ಕಿಂತ ಮುಖ್ಯ, ಆ ಚೀಲ ತಗೊಂಡು ಅಮ್ಮ ಏನು ಮಾಡುತ್ತಾಳೆ? ಫ್ಲ್ಯಾಟ್ ಕೊಳ್ಳಲು ಬ್ಯಾಂಕಿನಲ್ಲಿರುವ ದುಡ್ಡೇ ಬೇಕಲ್ಲ.

ಕೊನೆಗೆ ಒಬ್ಬ ಗಂಡ ಹೆಂಡತಿ ಒಪ್ಪಿದರು. ಇಬ್ಬರೂ ಕೆಲಸದಲ್ಲಿರುವವರು, ಬ್ಯಾಂಕ್ ಸಾಲ ಮಾಡಿ ಕೊಳ್ಳುವವರು. 1 ಕೋಟಿ 12 ಲಕ್ಷ. ಬ್ರೋಕರ್ ಎರಡು ಪರ್ಸೆಂಟ್‌ನಿಂದ ಶುರು ಮಾಡಿ ಒಂದಕ್ಕೆ ಇಳಿದರು. ಬ್ಯಾಂಕ್ ಸಾಲದಲ್ಲಿ ಕೊಳ್ಳುವವರಿಗೆ ಮಾರಿದರೆ ತಡ ಆಗುತ್ತದೆ ಅಂತ ಬ್ರೋಕರ್ ಹೆದರಿಸಿದ್ದರು. ನಿಜ, ತಡ ಆಯಿತು. ಆದರೆ ಆ ಬ್ಯಾಂಕಿನ ವಕೀಲರು ಇಲ್ಲದಿದ್ದರೆ ನಮ್ಮ ಮನೆಯ ಮೇಲೆ ಇದ್ದ ಒಂದು ಗಂಟು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ತಮ್ಮ ದಸರಾಕ್ಕೆ ಎರಡು ವಾರ ರಜೆ ಹಾಕಿ ಬಂದಿದ್ದ. ವಿಜಯದಶಮಿ ಕಳೆದ ಮೂರನೇ ದಿನ ಕರಾರು ಪತ್ರ. ಹತ್ತು ಲಕ್ಷ ಅಡ್ವಾನ್ಸ್, ಚೆಕ್ಕಿನಲ್ಲಿ. ಮೂರು ತಿಂಗಳ ವಾಯಿದೆ. ಅವರು ಹಿಂದೆ ಸರಿದರೆ ಇಷ್ಟು, ನಾವು ಹಿಂದೆ ಸರಿದರೆ ಇಷ್ಟು ಅಂತ ಷರತ್ತು. ಕರಾರು ಮಾಡಿಕೊಂಡ ಮಾತ್ರಕ್ಕೆ ಮನೆ ಅವರದಾಗುವುದಿಲ್ಲ, ಕ್ರಯಪತ್ರ ನೋಂದಣಿ ಆದಾಗಲೇ ಆಗುವುದು. ಆದರೆ ಮನಸ್ಸು ಬದಲಾಯಿತು ಅಂತ ನಾವು ಎದ್ದು ಹೋಗುವ ಹಾಗೂ ಇಲ್ಲ. ಕರಾರಿನಂತೆ ಮಾರಿಕೊಡಿ ಅಂತ ಅವರು ಮೂರು ವರ್ಷದೊಳಗೆ ದಾವೆ ಹಾಕಬಹುದು.

ಕರಾರಾದ ಮಾರನೆಯ ದಿನ ಕೊಳ್ಳುವವರ ಆಡಿಟರ್ ಫೋನ್ ಮಾಡಿದರು. ‘ಮಾರುವವರಲ್ಲಿ ಒಬ್ಬರು ಎನ್‌ಆರ್‌ಐ ಅಂತೆ?’

ಅಲ್ಲಿಂದ ಹೊಸ ಕಥೆ. ಇಲ್ಲೇ ಇರುವವರು 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿಗೆ ಮನೆ ಮಾರಿದರೆ ಕೊಳ್ಳುವವರು ಒಂದು ಪರ್ಸೆಂಟ್ ಟಿಡಿಎಸ್ (ಕೊಡುವ ದುಡ್ಡಿನಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ. ಪ್ಯಾನ್ ಇದ್ದರೆ ಸಾಕು. ಆದರೆ ಮಾರುವವರು ವಿದೇಶದಲ್ಲಿದ್ದರೆ ಲೆಕ್ಕವೇ ಬೇರೆ. ಅವರ ಪಾಲಿನ ಲಾಭದ ಮೇಲೆ 12.5 ಪರ್ಸೆಂಟ್, ಅದರ ಮೇಲೆ ಸೆಸ್. ಲಾಭ ಎಷ್ಟು ಅಂತ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರದಿದ್ದರೆ, ಕೊಳ್ಳುವವರು ಹೆದರಿ ಪೂರ್ತಿ ದುಡ್ಡಿನ ಮೇಲೇ ಹಿಡಿಯುತ್ತಾರೆ. ಅದಕ್ಕೆ ಆಗ ಕೊಳ್ಳುವವರು ಟ್ಯಾನ್ ಅನ್ನುವ ಇನ್ನೊಂದು ನಂಬರ್ ಮಾಡಿಸಬೇಕಿತ್ತು, ರಿಟರ್ನ್ ಹಾಕಬೇಕಿತ್ತು. ‘ನಮಗೆ ಈ ತಲೆನೋವು ಬೇಡ ಮೇಡಂ’ ಅಂತ ಮನೆ ಕೊಳ್ಳುತ್ತಿದ್ದ ಆ ಹುಡುಗಿ ನೇರವಾಗಿ ಹೇಳಿದಳು. ತಪ್ಪೇನಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ.

ತಮ್ಮ ಅವತ್ತು ರಾತ್ರಿ ಊಟ ಮಾಡುತ್ತಾ, ‘ನನ್ನ ಪಾಲು ಅಮ್ಮನಿಗೇ ಇರಲಿ ಬಿಡ್ರೋ’ ಅಂದ. ಅಷ್ಟು ಸುಲಭಕ್ಕೆ. ಮೊದಲೇ ಯೋಚಿಸಿಟ್ಟಿದ್ದನೋ ಏನೋ. ಅವನು ವಾಪಸ್ ಹೋಗಲು ಇನ್ನು ನಾಲ್ಕು ದಿನ ಇತ್ತು. ವಕೀಲರು ರಾತ್ರೋರಾತ್ರಿ ಹಕ್ಕು ಬಿಡುಗಡೆ ಪತ್ರ ತಯಾರು ಮಾಡಿದರು. ಮೂರನೇ ದಿನ ಸ್ಲಾಟ್ ಸಿಕ್ಕಿತು. ನೋಂದಣಿ ಆಯಿತು. ನಮ್ಮ ಕಡೆ ಸಾಮಾನ್ಯವಾಗಿ ರಿಲೀಸ್ ಡೀಡ್‌ಗೆ ಸಹಿ ಹಾಕುವವರು ಹೆಣ್ಣುಮಕ್ಕಳು. ಅರಿಶಿನ ಕುಂಕುಮ ಕೊಟ್ಟು, ಸೀರೆ ಉಡಿಸಿ, ಸಹಿ ಹಾಕಿಸಿಕೊಳ್ಳುತ್ತಾರೆ. ಕಚೇರಿಯಲ್ಲಿ ಪತ್ರ ಬರಹಗಾರರೊಬ್ಬರು ನಮ್ಮ ಕಾಗದವನ್ನು ಎರಡು ಸಲ ಓದಿ, ‘ಹಕ್ಕು ಬಿಡೋರು ಮಗ ಅಂತ ಬರೆದಿದ್ದೀರಿ, ತಪ್ಪಾಗಿದೆಯಾ?’ ಅಂತ ಕೇಳಿದರು. ಅಕ್ಕ ಆಮೇಲೆ ತಮ್ಮನಿಗೆ ಗಾಂಧಿ ಚೌಕದಲ್ಲಿ ಒಂದು ಶರ್ಟ್ ಕೊಡಿಸಿದಳು. ‘ಸೀರೆ ಬದಲು’ ಅಂತ.

ಅವನು ಬರಲು ಆಗದೇ ಹೋಗಿದ್ದರೆ ಜಿಪಿಎ ದಾರಿ, ಅಂದರೆ ಅವನ ಪರವಾಗಿ ಸಹಿ ಹಾಕಲು ಇಲ್ಲಿರುವವರಿಗೆ ಅಧಿಕಾರ ಪತ್ರ. ಅಲ್ಲಿ ನೋಟರಿ ಅಥವಾ ನಮ್ಮ ಕಾನ್ಸುಲೇಟ್ ಮುಂದೆ ಸಹಿ ಮಾಡಿ ಕಳಿಸಬೇಕು. ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಕೊರಿಯರ್ ಕವರ್ ಎಸೆಯಬೇಡಿ ಅಂತ ವಕೀಲರು ಹೇಳಿದ್ದರು. ಯಾವತ್ತು ಬಂತು ಅನ್ನುವುದಕ್ಕೆ ಅದೇ ಸಾಕ್ಷಿ.

ಹಕ್ಕು ಬಿಡುಗಡೆ ಆಯಿತು, ಸರಿ. ಆದರೆ ಇ-ಖಾತೆಯಲ್ಲಿ ಇನ್ನೂ ನಾಲ್ಕು ಹೆಸರಿತ್ತು. ಈಗ ಮತ್ತೆ ಖಾತೆ ತಿದ್ದುಪಡಿ, ನಾಲ್ಕರಿಂದ ಮೂರಕ್ಕೆ. ಮೊದಲೇ ಕೂತು ಯೋಚಿಸಿದ್ದರೆ ಪೌತಿ ಖಾತೆ ಆದ ಕೂಡಲೇ ಇದನ್ನೂ ಮಾಡಿ ಮುಗಿಸಬಹುದಿತ್ತು. ನಮಗೆ ಹೊಳೆಯಲಿಲ್ಲ. ಎನ್‌ಆರ್‌ಐ ಟಿಡಿಎಸ್ ವಿಷಯ ಏಪ್ರಿಲ್‌ನಲ್ಲೇ ಗೊತ್ತಿದ್ದಿದ್ದರೆ ಆರು ವಾರ ಉಳಿಯುತ್ತಿತ್ತು.

ಇನ್ನು ಆ ಗಂಟು. ನನ್ನ ಹತ್ತಿರ ಇಸಿ ಇತ್ತು. ಕಾವೇರಿಯಲ್ಲಿ 2004ರ ಏಪ್ರಿಲ್‌ನಿಂದ ಈಚೆಗಿನದು ಆನ್‌ಲೈನ್‌ನಲ್ಲೇ ಸಿಗುತ್ತದೆ. ಏನೂ ಋಣಭಾರ ಇಲ್ಲ ಅಂತ ಬಂದಿತ್ತು. ಅದನ್ನೇ ಎಲ್ಲರಿಗೂ ಹೆಮ್ಮೆಯಿಂದ ತೋರಿಸುತ್ತಿದ್ದೆ. ಕೊಳ್ಳುವವರ ಬ್ಯಾಂಕಿನ ವಕೀಲರು ಅದನ್ನು ಪಕ್ಕಕ್ಕಿಟ್ಟು, ‘ನಿವೇಶನ ಮಂಜೂರಾದ ದಿನದಿಂದ ಕೊಡಿ’ ಅಂದರು. ಅಪ್ಪನಿಗೆ ನಿವೇಶನ ಸಿಕ್ಕಿದ್ದು 1984ರಲ್ಲಿ, ಆಗ ನಿವೇಶನ ಹಂಚುತ್ತಿದ್ದ ಸರ್ಕಾರಿ ಮಂಡಳಿ ಸಿಐಟಿಬಿಯಿಂದ. ಆಮೇಲೆ ಅದು ಮುಡಾ ಆಯಿತು, ಆದರೂ ಮೈಸೂರಿನ ಹಳಬರ ಬಾಯಲ್ಲಿ ಈಗಲೂ ಸಿಐಟಿಬಿ ಸೈಟೇ. ಹಳೆಯ ಇಸಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು, ಅವರು ಹಳೇ ಪುಸ್ತಕ ತೆಗೆದು ಹುಡುಕಬೇಕು. ಎರಡು ವಾರದ ಮೇಲೆ ಕೈಬರಹದ ಇಸಿ ಬಂತು. ನೀಲಿ ಶಾಯಿಯಲ್ಲಿ ಎರಡೇ ನಮೂದು. ಮೊದಲನೆಯದು ನಿವೇಶನದ್ದು. ಎರಡನೆಯದು: 1990, ಅಡಮಾನ ಪತ್ರ.

ಮನೆ ಕಟ್ಟಲು ಅಪ್ಪ ಒಂದು ಸಹಕಾರ ಸಂಘದಿಂದ ಸಾಲ ಮಾಡಿದ್ದರು. ಹದಿನೈದು ವರ್ಷ ಕಂತು ಕಟ್ಟಿ ತೀರಿಸಿದ್ದರು. ತೀರಿದ ದಿನ ಮೈಸೂರು ಪಾಕ್ ತಂದಿದ್ದು ನನಗೆ ಚೆನ್ನಾಗಿ ನೆನಪಿದೆ. ಅವರ ಹಸಿರು ಟ್ರಂಕಿನಲ್ಲಿ ‘ಸಾಲ ಪೂರ್ತಿ ಚುಕ್ತಾ’ ಅನ್ನುವ ಪತ್ರವೂ ಇತ್ತು, ಪ್ಲಾಸ್ಟಿಕ್ ಕವರಿನಲ್ಲಿ, ಕರ್ಪೂರದ ಗುಳಿಗೆ ಹಾಕಿ. ಆದರೆ ಆ ಅಡಮಾನದ ಖುಲಾಸೆ ಪತ್ರವನ್ನು ನೋಂದಣಿ ಮಾಡಿಸಿರಲಿಲ್ಲ. ಸರ್ಕಾರದ ಪುಸ್ತಕದ ಪ್ರಕಾರ ಮನೆ ಇನ್ನೂ ಒತ್ತೆಯಲ್ಲೇ ಇತ್ತು, ಮೂವತ್ತನಾಲ್ಕು ವರ್ಷದಿಂದ.

ಅಪ್ಪ ಎಲ್ಲಾ ಕಾಗದವನ್ನೂ ಜೋಪಾನ ಮಾಡುವ ಮನುಷ್ಯ. ಹಾಲಿನ ಲೆಕ್ಕದ ಚೀಟಿಯನ್ನೂ ತಂತಿಗೆ ಚುಚ್ಚಿ ಇಡುತ್ತಿದ್ದರು. ಅವರಿಗೆ ಆ ಪತ್ರ ಸಾಕು ಅನ್ನಿಸಿರಬೇಕು. ಮನೆ ಮಾರುವವರಿಗಲ್ಲವೇ ರಿಜಿಸ್ಟರ್ ಪುಸ್ತಕದ ಚಿಂತೆ? ಅವರು ಮಾರುವ ಯೋಚನೆ ಮಾಡಿದವರೇ ಅಲ್ಲ.

ಆ ಸಂಘ ಈಗ ಬೇರೆ ಕಟ್ಟಡದಲ್ಲಿದೆ. 1990ರ ಲೆಡ್ಜರ್ ಹುಡುಕುವುದಕ್ಕೇ ಹತ್ತು ದಿನ. ಸಿಕ್ಕ ಮೇಲೆ, ಖುಲಾಸೆ ಪತ್ರಕ್ಕೆ ಯಾರು ಸಹಿ ಮಾಡಬೇಕು ಅನ್ನುವ ಪ್ರಶ್ನೆ. ಅದಕ್ಕೆ ಆಡಳಿತ ಮಂಡಳಿಯ ಠರಾವು ಬೇಕಂತೆ. ಮಂಡಳಿ ಸೇರುವುದು ತಿಂಗಳಿಗೊಂದು ಸಲ. ಒಂದು ಸಭೆ ಕೋರಂ ಇಲ್ಲದೆ ಮುಂದಕ್ಕೆ ಹೋಯಿತು. ನಾನು ಬೆಂಗಳೂರಿನಿಂದ ಮೈಸೂರಿಗೆ ಆ ನವೆಂಬರ್, ಡಿಸೆಂಬರ್‌ನಲ್ಲಿ ಎಷ್ಟು ಸಲ ಓಡಾಡಿದೆನೋ ಲೆಕ್ಕ ಇಲ್ಲ. ಅಲ್ಲಿನ ಗುಮಾಸ್ತೆ ಒಬ್ಬರು ಮಾತ್ರ ಮೊದಲ ದಿನವೇ, ‘ನಿಮ್ಮಪ್ಪ ಒಂದು ಕಂತೂ ತಪ್ಪಿಸಿಲ್ಲ ನೋಡಿ’ ಅಂತ ಲೆಡ್ಜರಿನ ಪುಟ ತಿರುಗಿಸಿ ತೋರಿಸಿದರು. ಪ್ರತಿ ತಿಂಗಳೂ ಸಂಬಳದ ಮಾರನೆಯ ದಿನದ ತಾರೀಕು. ಆ ಪುಟದ ಫೋಟೋ ತೆಗೆದುಕೊಂಡು ಬಂದೆ. ಒಟ್ಟು ಏಳು ವಾರ ಹಿಡಿದು ಖುಲಾಸೆ ಪತ್ರ ನೋಂದಣಿ ಆಯಿತು.

ಇದರ ಮಧ್ಯೆ ಬ್ಯಾಂಕಿನವರು ವ್ಯಾಲ್ಯುಯೇಷನ್‌ಗೆ ಒಬ್ಬ ಇಂಜಿನಿಯರ್ ಕಳಿಸಿದ್ದರು. ಅವರು ಟೇಪು ಹಿಡಿದು ಸುತ್ತು ಹಾಕಿ, ಮಹಡಿ ಮೇಲಿನ ರೂಮಿಗೆ ಬಂದು ನಿಂತರು. ‘ಇದು ಪ್ಲ್ಯಾನ್‌ನಲ್ಲಿ ಇಲ್ವಲ್ಲ?’ ತಮ್ಮನ ಪಿಯುಸಿ ಓದಿಗೆ ಅಂತ ಅಪ್ಪ ಕಟ್ಟಿಸಿದ ರೂಮು ಅದು. ಮಂಜೂರಾದ ನಕ್ಷೆಯಲ್ಲಿ ಇದ್ದಿದ್ದು ಕೆಳಗಿನ ಮನೆ ಮಾತ್ರ. ಹಾಗಾಗಿ ಆ ರೂಮಿಗೆ ಬ್ಯಾಂಕಿನ ಲೆಕ್ಕದಲ್ಲಿ ಬೆಲೆ ಸೊನ್ನೆ. ಸಾಲದ ಮೊತ್ತ ಸ್ವಲ್ಪ ಇಳಿಯಿತು, ಆ ಗಂಡ ಹೆಂಡತಿ ಕೈಯಿಂದ ಜಾಸ್ತಿ ಹಾಕಬೇಕಾಯಿತು. ನಮಗೆ ರೇಟು ಇಳಿಸಿ ಅಂತ ಕೇಳಲಿಲ್ಲ, ಅದು ಅವರ ದೊಡ್ಡತನ. ಅವರ ವಕೀಲರು ಎರಡು ಪತ್ರಿಕೆಗಳಲ್ಲಿ ನೋಟಿಸ್ ಹಾಕಿಸಿದರು. ಈ ಸ್ವತ್ತಿನ ಮೇಲೆ ಯಾರದಾದರೂ ಹಕ್ಕು ಇದ್ದರೆ ಹದಿನೈದು ದಿನದಲ್ಲಿ ತಿಳಿಸಿ ಅಂತ. ಯಾರೂ ಬರಲಿಲ್ಲ. ನೋಟಿಸ್ ಓದಿ ಅಪ್ಪನ ಹಳೇ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, ಮನೆ ಯಾಕೆ ಮಾರ್ತಿದ್ದೀರಿ ಅಂತ ಅಮ್ಮನ ಹತ್ತಿರ ಅರ್ಧ ಗಂಟೆ ಮಾತಾಡಿದರು.

ನನ್ನ ತಪ್ಪೂ ಒಂದಿದೆ, ಹೇಳಿಬಿಡುತ್ತೇನೆ. ಚಕ್ಕುಬಂದಿ. ಸ್ವತ್ತಿನ ನಾಲ್ಕು ಕಡೆ ಏನಿದೆ ಅನ್ನುವ ವಿವರ. ಮೊದಲ ಸಲ ಖಾತೆಗೆ ಅರ್ಜಿ ಹಾಕುವಾಗ ನಾನು ಗೇಟಿನ ಹತ್ತಿರ ಮನೆ ಕಡೆ ಮುಖ ಮಾಡಿ ನಿಂತು ಬರೆದುಕೊಂಡಿದ್ದೆ. ಎಡಗಡೆ ಉತ್ತರ, ಬಲಗಡೆ ದಕ್ಷಿಣ. ಮನೆ ಪೂರ್ವಕ್ಕೆ. ಅಂದರೆ ನಾನು ನೋಡುತ್ತಿದ್ದುದು ಪಶ್ಚಿಮಕ್ಕೆ. ಎಡಗಡೆ ಇರುವುದು ದಕ್ಷಿಣ! ಹೀಗೆ ಅಕ್ಕಪಕ್ಕದ ಎರಡು ಮನೆಗಳನ್ನು ನಾನು ಅದಲು ಬದಲು ಮಾಡಿಟ್ಟಿದ್ದೆ. ಕ್ರಯಪತ್ರದ ಕರಡು ಬರೆಯುವಾಗ ವಕೀಲರು 1984ರ ಪತ್ರಕ್ಕೆ ಹೋಲಿಸಿ ಹಿಡಿದರು. ಹೇಗೂ ಮೂರು ಹೆಸರಿನ ಖಾತೆ ಆಗಬೇಕಿತ್ತಲ್ಲ, ಅದರಲ್ಲೇ ಇದೂ ಸರಿಹೋಯಿತು. ಮೂವತ್ತು-ನಲವತ್ತರ ಸೈಟು, ನನಗೆ ದಿಕ್ಕು ತಪ್ಪಲು ಅಷ್ಟೇ ಸಾಕಾಯಿತು.

ಎಲ್ಲಾ ಕಾಗದ ಸೇರುವಾಗ ಡಿಸೆಂಬರ್ ಕೊನೆ. ಧನುರ್ಮಾಸ. ‘ಸಂಕ್ರಾಂತಿ ಆಗಲಿ ಆಂಟಿ’ ಅಂತ ಆ ಹುಡುಗಿ ಅಮ್ಮನಿಗೆ ಫೋನ್ ಮಾಡಿದಳು. ಅಮ್ಮನೂ ಅದನ್ನೇ ಕಾಯುತ್ತಿದ್ದಳು ಅನ್ನಿಸುತ್ತದೆ. ಕರಾರಿನ ವಾಯಿದೆ ಮುಗಿಯುತ್ತಿತ್ತು. ಒಂದು ಪುಟದ ಪತ್ರ ಬರೆದು ಎಲ್ಲರೂ ಸಹಿ ಹಾಕಿ ಇನ್ನೊಂದು ತಿಂಗಳು ಮುಂದೂಡಿಕೊಂಡೆವು. ಇದನ್ನು ಬಾಯಿ ಮಾತಲ್ಲಿ ಬಿಡಬಾರದು.

ಇನ್ನು ಕಾವೇರಿ. ಕರಡನ್ನು ಆನ್‌ಲೈನ್‌ನಲ್ಲಿ ಹಾಕಬೇಕು, ಸಬ್ ರಿಜಿಸ್ಟ್ರಾರ್ ಕಚೇರಿಯವರು ನೋಡಿ ಒಪ್ಪಬೇಕು, ಆಮೇಲೆ ದುಡ್ಡು ಕಟ್ಟಿ ಸ್ಲಾಟ್ ಹಿಡಿಯಬೇಕು. ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲೆ ಸೆಸ್ಸು ಸರ್‌ಚಾರ್ಜು ಸೇರಿ ನಗರದಲ್ಲಿ 5.6. ನೋಂದಣಿ ಶುಲ್ಕ ಆಗ 1 ಪರ್ಸೆಂಟ್. ಒಟ್ಟು 7,39,200 ರೂಪಾಯಿ, ಕಟ್ಟುವುದು ಕೊಳ್ಳುವವರು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2 ಪರ್ಸೆಂಟ್ ಆಗಿದೆ. ಅವರು ಆರೇಳು ತಿಂಗಳು ತಡ ಮಾಡಿದ್ದರೆ ಇನ್ನೂ ಒಂದು ಲಕ್ಷದ ಹನ್ನೆರಡು ಸಾವಿರ ಹೋಗುತ್ತಿತ್ತು.

ಮೊದಲು ಕಾಣಿಸಿದ ಸ್ಲಾಟ್ ಶುಕ್ರವಾರ ಬೆಳಿಗ್ಗೆ 11ಕ್ಕೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಅದು ಖಾಲಿ ಉಳಿದಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಸೋಮವಾರ ಮಧ್ಯಾಹ್ನದ್ದು ತಗೊಂಡೆವು.

ಅವತ್ತಿನ ದಿನದ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. ಅಮ್ಮ, ಅಕ್ಕ, ನಾನು ಒಂದು ಬೆಂಚಿನಲ್ಲಿ. ಎದುರಿಗೆ ಅವರಿಬ್ಬರು, ಅವರ ಬ್ಯಾಂಕಿನ ಅಧಿಕಾರಿ, ಕೈಯಲ್ಲಿ ಕವರಿನೊಳಗೆ ಮೂರು ಡಿಡಿ. ಹೆಸರು ಕರೆದರು. ಒಬ್ಬೊಬ್ಬರೇ ಕ್ಯಾಮೆರಾ ಮುಂದೆ ಕೂತು, ಹೆಬ್ಬೆರಳು ಒತ್ತಿ, ಸಹಿ ಹಾಕಿದೆವು. ಸಾಕ್ಷಿಗೆ ಇಬ್ಬರು. ಸಬ್ ರಿಜಿಸ್ಟ್ರಾರ್ ಅಮ್ಮನನ್ನು, ‘ದುಡ್ಡು ಪೂರ್ತಿ ಬಂದಿದೆಯಾ ಅಮ್ಮಾ? ಒಪ್ಪಿಗೆ ಇದೆಯಾ?’ ಅಂತ ಕೇಳಿದರು. ಅಮ್ಮ ಡಿಡಿ ಕವರಿನ ಕಡೆ ನೋಡದೆ, ‘ಇದೆ’ ಅಂದಳು. ನಾನು ಮಾತ್ರ ಡಿಡಿಯ ಮೇಲಿನ ಹೆಸರಿನಲ್ಲಿ ‘ಅಮ್ಮ’ ಇದೆಯಾ ಇಲ್ಲವಾ ಅಂತ ಬಗ್ಗಿ ನೋಡುತ್ತಿದ್ದೆ.

ದುಡ್ಡು ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಟಿಡಿಎಸ್ ತಗೊಳ್ಳಿ. 2024ರ ಅಕ್ಟೋಬರ್ 1ರಿಂದ, ಒಬ್ಬೊಬ್ಬರ ಪಾಲು 50 ಲಕ್ಷಕ್ಕಿಂತ ಕಮ್ಮಿ ಇದ್ದರೂ ಒಟ್ಟು ಬೆಲೆ ಅಷ್ಟಿದ್ದರೆ ಹಿಡಿಯಲೇಬೇಕು. ಮಾರುವವರು ಮೂರು, ಕೊಳ್ಳುವವರು ಎರಡು. ಒಂದೊಂದು ಜೋಡಿಗೆ ಟಿಡಿಎಸ್ ಕಟ್ಟುವ ಒಂದು ಫಾರಂ, ಆಗ ಅದರ ಹೆಸರು 26ಕ್ಯೂಬಿ. ಒಟ್ಟು ಆರು. ಮನೆ ಕೊಂಡ ಹುಡುಗ ಒಂದು ಭಾನುವಾರ ಕೂತು ಆರನ್ನೂ ತುಂಬಿದ. ದುಡ್ಡು ಕೊಟ್ಟ ತಿಂಗಳು ಮುಗಿದು ಮೂವತ್ತು ದಿನದೊಳಗೆ ಕಟ್ಟಬೇಕು. ಕಟ್ಟಿದ್ದಕ್ಕೆ ಕೊಳ್ಳುವವರಿಂದ ಸರ್ಟಿಫಿಕೇಟ್ (ಆಗ ಅದು 16ಬಿ) ಕೇಳಿ ತಗೊಳ್ಳುವುದನ್ನು ಮರೆಯಬೇಡಿ.

ಮಾರಿದ ಲಾಭದ ಮೇಲೆ ನಾವು ಕಟ್ಟುವ ತೆರಿಗೆಯ ಲೆಕ್ಕಕ್ಕೆ 2001ರ ಏಪ್ರಿಲ್ 1ರಂದು ಮನೆಯ ಬೆಲೆ ಎಷ್ಟಿತ್ತು ಅಂತ ಬೇಕು. ನೋಂದಾಯಿತ ವ್ಯಾಲ್ಯುಯರ್ ಒಬ್ಬರು ಅವತ್ತಿನ ಮಾರ್ಗಸೂಚಿ ದರ ನೋಡಿ 6 ಲಕ್ಷ ಅಂತ ಬರೆದುಕೊಟ್ಟರು. ಆಮೇಲೆ ಎರಡು ದಾರಿ. ಆ ಬೆಲೆಗೆ ಹಣದುಬ್ಬರ ಸೇರಿಸಿ ಉಳಿದ ಲಾಭಕ್ಕೆ 20 ಪರ್ಸೆಂಟ್, ಇಲ್ಲವಾದರೆ ಸೇರಿಸದೆ 12.5. ಹಳೇ ಮನೆಗಾದರೆ ಹಣದುಬ್ಬರ ಸೇರಿಸಿದರೇ ಲಾಭ ಅಂತ ಎಲ್ಲರೂ ಹೇಳಿದ್ದರು. ಕೂಡಿ ನೋಡಿದರೆ ಒಟ್ಟು ಮನೆಗೆ ಮೊದಲನೆಯದರಲ್ಲಿ 18 ಲಕ್ಷ ದಾಟುತ್ತಿತ್ತು, ಎರಡನೆಯದರಲ್ಲಿ 13 ಲಕ್ಷದ 25 ಸಾವಿರ. ಹೇಳಿದ್ದನ್ನು ನಂಬದೆ ಲೆಕ್ಕ ಹಾಕಿದ್ದು ಒಳ್ಳೆಯದಾಯಿತು. ನನ್ನ ಕಾಲು ಭಾಗಕ್ಕೆ ಸೆಸ್ ಸೇರಿ 3,44,500. ಮಾರ್ಚ್ 15ರೊಳಗೆ ಮುಂಗಡ ತೆರಿಗೆಯಾಗಿ ಕಟ್ಟಿದೆ. ಅಕ್ಕ ಕಟ್ಟಲಿಲ್ಲ. ಅವಳು ಆರು ತಿಂಗಳೊಳಗೆ ತನ್ನ ಲಾಭದಷ್ಟನ್ನು 54ಇಸಿ ಬಾಂಡಿಗೆ, ಅಂದರೆ ಈ ಲಾಭದ ತೆರಿಗೆ ಉಳಿಸುವ ಬಾಂಡಿಗೆ, ಹಾಕಿದಳು. ಐದು ವರ್ಷ ಮುಟ್ಟುವ ಹಾಗಿಲ್ಲ, ಬಡ್ಡಿ 5.25. ಅಮ್ಮನದು ಹೊಸ ಮನೆಗೆ ಹೋಗುವ ದುಡ್ಡು, ಎರಡು ವರ್ಷದೊಳಗೆ ಕೊಂಡರೆ ಆ ಲಾಭಕ್ಕೆ ತೆರಿಗೆ ಇಲ್ಲ. ಅವಳಿಗೆ ನಾಲ್ಕೇ ತಿಂಗಳು ಸಾಕಾಯಿತು. ಫ್ಲ್ಯಾಟ್ ಕೊಳ್ಳುವಾಗ ಅಮ್ಮ ಮಾರುವವರನ್ನು ಕೇಳಿದ ಮೊದಲ ಪ್ರಶ್ನೆ, ‘ಕೈಬರಹದ ಇಸಿ ಇದೆಯಾ?’

ಶಿವಮೊಗ್ಗದಲ್ಲಿ ಗೃಹಜ್ಯೋತಿಗೆ ಅರ್ಜಿ ಹಾಕಲು ಹೋದಾಗ ಕೊನೆಯ ಕೊಂಡಿ ಸಿಕ್ಕಿತು. ಅಮ್ಮನ ಆಧಾರ್ ಇನ್ನೂ ಮೈಸೂರಿನ ಮನೆಯ ಆರ್‌ಆರ್ ನಂಬರಿಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸಿ, ಇಲ್ಲಿಗೆ ಸೇರಿಸಿದ್ದಾಯಿತು. ಆದರೆ ಮೈಸೂರಿನ ವಿದ್ಯುತ್ ಕಂಪನಿ ಸೆಸ್ಕ್‌ನ ಬಿಲ್ಲಿಗೆ ಕೊಟ್ಟಿರುವ ಮೊಬೈಲ್ ನಂಬರ್ ನನ್ನದು. ಅದನ್ನು ಬದಲಾಯಿಸಿಕೊಳ್ಳಲು ಮನೆ ಕೊಂಡವರಿಗೆ ಇನ್ನೂ ಪುರುಸೊತ್ತಾಗಿಲ್ಲ. ಪ್ರತಿ ತಿಂಗಳೂ ಆ ಮನೆಯ ಬಿಲ್ ನನಗೆ ಬರುತ್ತದೆ. ಮೊನ್ನೆ 1,940 ರೂಪಾಯಿ ಅಂತ ಬಂತು. ಎಸಿ ಹಾಕಿಸಿರಬೇಕು. ಅಮ್ಮನಿಗೆ ಹೇಳಿದೆ.

‘ಅಷ್ಟೊಂದಾ?’ ಅಂದಳು. ‘ಹಿಂದಿನ ಬಾಗಿಲು ತೆಗೆದಿಟ್ರೆ ಗಾಳಿ ತಾನಾಗೇ ಬರತ್ತೆ ಅಂತ ಅವರಿಗೆ ನೀನು ಹೇಳಲಿಲ್ವಾ?’